ಟಾರ್ಚಿನ ಬೆಳಕಿನಲ್ಲಿ ಕಣ್ಣಿನ ಪಾಪೆ

ಮೈಕಿನ ಮುಂದೆ ಕೂತು ಹಾಡು ಹಾಕುವವಳಿಗೆ ಕಣ್ಣಿನ ಪಾಪೆಯ ಚರಿತ್ರೆ ಯಾಕೆ ಬೇಕಾಯಿತು ಅಂತೀರಾ? ನಾಸಿಕದಲ್ಲಿರುವ ನನ್ನ ಸೋದರಮಾವ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರು. ಆಸ್ಪತ್ರೆಯ ಚಾರ್ಟಿನಲ್ಲಿ ರಾತ್ರಿಪಾಳಿಯ ಸಿಸ್ಟರ್ ಎಡಗಣ್ಣಿನ ಪಾಪೆ 3 ಮಿ.ಮೀ., ಚುರುಕು ಎಂದು ಬರೆದಿದ್ದರು. ಬೆಳಗಿನ ಪಾಳಿಯವರು ಬರೆದದ್ದು 5 ಮಿ.ಮೀ., ಮಂದ. ಅತ್ತೆ ಕುಸಿದು ಕೂತರು. ಡಾಕ್ಟರು ಬಂದು ತಾವೇ ನೋಡಿ, ಮತ್ತೆ ಸ್ಕ್ಯಾನ್ ಮಾಡಿಸಿ, ಏನೂ ಬದಲಾಗಿಲ್ಲ ಅಂದರು. ಮಾವ ಈಗ ಮನೆಯಲ್ಲಿ ಆರಾಮಾಗಿದ್ದಾರೆ. ಆ ಎರಡು ಅಂಕಿ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ.

ಬೆಳಕು ಬಿದ್ದಾಗ ಪಾಪೆ ಕುಗ್ಗುವುದು ನಮ್ಮ ಇಚ್ಛೆಯಿಲ್ಲದೆ ನಡೆಯುವ ಕ್ರಿಯೆ ಎಂದು ಎಡಿನ್‌ಬರೊದ ರಾಬರ್ಟ್ ವ್ಹಿಟ್ 1751ರಲ್ಲೇ ಬರೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಸರ್ಜನ್ ಜೊನಾಥನ್ ಹಚಿನ್ಸನ್, ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ ಕಡೆಯ ಪಾಪೆ ಹಿಗ್ಗುವುದನ್ನು ಗುರುತಿಸಿದರು. ಮಿದುಳು ಊದಿ ಕೆಳಕ್ಕೆ ಒತ್ತಿದಾಗ ಪಾಪೆಯನ್ನು ಕುಗ್ಗಿಸುವ ನರ ಸಿಕ್ಕಿಕೊಳ್ಳುತ್ತದೆ, ಅಷ್ಟೇ. ಆ ಪಾಪೆಗೆ ಇಂದಿಗೂ ಅವರದೇ ಹೆಸರು.

1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಅದೇ ವರ್ಷ ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಪ್ರಜ್ಞೆಯ ಮಟ್ಟಕ್ಕೆ ಅಂಕ ಕೊಡುವ ಮಾಪಕ ತಂದರು. ಕಣ್ಣು ತೆರೆಯುವುದು, ಮಾತು, ಚಲನೆ ಮೂರಕ್ಕೂ ಅಂಕ, ಪಾಪೆಗೆ ಇಲ್ಲ. 2018ರಲ್ಲಷ್ಟೇ ಟೀಸ್‌ಡೇಲ್ ಮತ್ತು ಸಂಗಡಿಗರು ಅದನ್ನು ಸೇರಿಸಿದರು: ಬೆಳಕಿಗೆ ಮಿಡಿಯದ ಒಂದು ಪಾಪೆಗೆ 1, ಎರಡಕ್ಕೂ 2 ಕಳೆಯಬೇಕು.

ಸಮಸ್ಯೆ ಎಲ್ಲಿದೆ ಅಂದರೆ, ನೋಡುವ ಕಣ್ಣಿನಲ್ಲಿ. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಬ್ಬರಿಬ್ಬರು ಒಂದೇ ರೋಗಿಯ ಪಾಪೆ ನೋಡಿ ಬರೆದರು, ಜೊತೆಗೆ ಯಂತ್ರವೂ ಅಳೆಯಿತು. ಸಿಬ್ಬಂದಿ "ಮಿಡಿಯುತ್ತಿಲ್ಲ" ಎಂದ ಪಾಪೆಗಳಲ್ಲಿ ಯಂತ್ರ ಒಪ್ಪಿದ್ದು ಮೂರರಲ್ಲೊಂದನ್ನು ಮಾತ್ರ! ನಮ್ಮಂಥ ಕಡುಕಂದು ಕಣ್ಣಲ್ಲಿ, ಸೆಲ್ ಸೋತ ಟಾರ್ಚಿನಲ್ಲಿ, ಟ್ಯೂಬ್‌ಲೈಟು ಉರಿಯುವ ವಾರ್ಡಿನಲ್ಲಿ ಇನ್ನೂ ಕಷ್ಟ.

ನಾಸಿಕದಿಂದ ಪೂರ್ವಕ್ಕೆ ಹೋದರೆ ಮರಾಠವಾಡಾದ ಛತ್ರಪತಿ ಸಂಭಾಜಿನಗರ, 2023ರವರೆಗಿನ ಔರಂಗಾಬಾದ್. ಹತ್ತಿ ಬೆಳೆಯುವ ಸೀಮೆ. ಇಂಥ ಕಡೆ ಆಸ್ಪತ್ರೆಗಳಿಗೆ ಬೆಳೆಗೆ ಹೊಡೆಯುವ ಔಷಧಿ ಕುಡಿದವರು ಬರುವುದುಂಟು. ಅವುಗಳಲ್ಲಿ ಕೆಲವು ವಿಷಗಳಿಗೆ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಮದ್ದು ಅಟ್ರೋಪಿನ್, ನಮ್ಮ ಉಮ್ಮತ್ತದ ಗಿಡದಲ್ಲೂ ಇರುವ ವಸ್ತು. ಅದು ಪಾಪೆಯನ್ನು ಅರಳಿಸಿಬಿಡುತ್ತದೆ. ಈಗ ಹೇಳಿ, ಅರಳಿದ್ದು ಮದ್ದಿನಿಂದಲೋ, ಮಿದುಳು ಸೋತದ್ದರಿಂದಲೋ? ಯಾವಾಗ ಎಷ್ಟು ಅಟ್ರೋಪಿನ್ ಕೊಟ್ಟರೆಂದು ಚಾರ್ಟಿನಲ್ಲಿ ಇಲ್ಲದಿದ್ದರೆ ಟಾರ್ಚು ಉತ್ತರ ಹೇಳದು. ಪೊರೆ ತೆಗೆಸಿಕೊಂಡ ಅಜ್ಜಂದಿರ ಪಾಪೆಯೂ ಕೆಲವೊಮ್ಮೆ ಮೋಸ ಮಾಡುತ್ತದೆ.

ಇದನ್ನು ಕಾನೂನು ಮಾಡಿದವರೂ ಬಲ್ಲರು ಅನಿಸುತ್ತದೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮೊದಲು ಜಾರಿಯಾದ ರಾಜ್ಯಗಳಲ್ಲಿ ಗೋವಾ, ಹಿಮಾಚಲದ ಜೊತೆ ಮಹಾರಾಷ್ಟ್ರವೂ ಒಂದು, 1995ರಲ್ಲಿ. ಅದರಂತೆ ಮಿದುಳು ಸತ್ತಿದೆ ಎನ್ನಲು ಒಬ್ಬರು ಪಾಪೆ ನೋಡಿದರೆ ಸಾಲದು. ನಾಲ್ವರು ವೈದ್ಯರ ಮಂಡಳಿ ಸಹಿ ಹಾಕಬೇಕು, ಪರೀಕ್ಷೆಗಳನ್ನು ಕನಿಷ್ಠ 6 ಗಂಟೆ ಬಿಟ್ಟು ಮತ್ತೊಮ್ಮೆ ಮಾಡಬೇಕು, ಔಷಧಿ, ವಿಷದ ಪ್ರಭಾವ ಇಲ್ಲವೆಂದು ಮೊದಲೇ ಖಚಿತವಾಗಬೇಕು. ಅಲ್ಲಿ ಪಾಪೆ ಹಲವು ಸಾಕ್ಷಿಗಳಲ್ಲಿ ಒಂದು.

ಮಾವನ ಚಾರ್ಟಿನ ಫೋಟೊ ನನ್ನ ಫೋನಿನಲ್ಲಿದೆ. ಮೊನ್ನೆ ಮತ್ತೆ ತೆಗೆದು ನೋಡಿದೆ. ಹೊತ್ತು ಇದೆ, ಅಂಕಿ ಇದೆ, ಸಹಿಯೂ ಇದೆ. ಕೋಣೆಯ ದೀಪ ಆರಿಸಿ ನೋಡಿದರೋ, ಉರಿಯುತ್ತಲೇ ನೋಡಿದರೋ ಎಂಬುದಕ್ಕೆ ಕಾಲಮ್ಮೇ ಇಲ್ಲ.