ಮಿಡತೆಗಳ ವಂಶಾವಳಿ: ಡಿಎನ್‌ಎ ಪುರಾವೆ

ಮಿಡತೆಗಳ ಡಿಎನ್‌ಎಯನ್ನು ಒಂದಕ್ಕೊಂದು ಹೋಲಿಸಿ, ಯಾವ ಪ್ರಭೇದ ಯಾವುದಕ್ಕೆ ಹತ್ತಿರದ ನಂಟು, ಕವಲುಗಳು ಯಾವ ಕಾಲದಲ್ಲಿ ಬೇರೆಯಾದವು ಎಂದು ಗುರುತಿಸುವ ಅಧ್ಯಯನವಿದು. ಬಣ್ಣ, ರೆಕ್ಕೆ, ತಲೆಯ ಆಕಾರ ನೋಡಿ ಮಾಡಿದ ಹಳೆಯ ವರ್ಗೀಕರಣವನ್ನು ಇದು ಒರೆಗೆ ಹಚ್ಚುತ್ತದೆ. ಜೋಳ ಬೆಳೆಯುವ, ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಸೀಮೆಗೆ ಈ ವಿಷಯ ದೂರದ್ದಲ್ಲ.

2020ರ ಮೇ ತಿಂಗಳಲ್ಲಿ ಮರುಭೂಮಿ ಮಿಡತೆಯ ಹಿಂಡುಗಳು ಮಹಾರಾಷ್ಟ್ರದ ವಿದರ್ಭಕ್ಕೆ ಬಂದಿಳಿದಾಗ ಗಡಿಯಲ್ಲಿರುವ ಬೀದರ್ ಜಿಲ್ಲೆಯ ರೈತರಿಗೂ ಎಚ್ಚರಿಕೆ ಹೋಯಿತು. ಹಿಂಡು ಕರ್ನಾಟಕಕ್ಕೆ ಬರಲಿಲ್ಲ. ಆದರೆ ಕೋಲಾರ ಜಿಲ್ಲೆಯಲ್ಲಿ ಎಕ್ಕದ ಗಿಡಗಳನ್ನು ಮುತ್ತಿದ್ದ ಬಣ್ಣದ ಮಿಡತೆಗಳನ್ನು ಕಂಡು ಜನ ಗಾಬರಿಯಾದರು. ಅವು ಇಲ್ಲಿಯವೇ ಆದ ಎಕ್ಕದ ಮಿಡತೆಗಳಾಗಿದ್ದವು. ಮರುಭೂಮಿ ಮಿಡತೆ ಅಕ್ರಿಡಿಡೇ ಕುಟುಂಬದ್ದು, ಎಕ್ಕದ ಮಿಡತೆ ಪಿರ್ಗೊಮಾರ್ಫಿಡೇ ಕುಟುಂಬದ್ದು.

ಈ ಎರಡನೆಯ ಕುಟುಂಬಕ್ಕೇ ಸೇರಿದ್ದು ದಖ್ಖನ್ನಿನ ಜೋಳದ ಮಿಡತೆ. ರೆಕ್ಕೆ ಹೆಸರಿಗಷ್ಟೇ ಉಳಿದಿರುವುದರಿಂದ ಇದು ಹಾರಲಾರದು. ಮುಂಗಾರು ಹಿಡಿದಾಗ ನೆಲದೊಳಗಿನ ಮೊಟ್ಟೆಯೊಡೆದು ಮರಿಗಳು ಹೊರಬಂದು ಎಳೆ ಜೋಳವನ್ನು ಮೇಯುತ್ತವೆ; ವರ್ಷಕ್ಕೆ ಒಂದೇ ಪೀಳಿಗೆ. ಮೈಸೂರು ಸರ್ಕಾರ 1908ರಲ್ಲಿ ನೇಮಿಸಿಕೊಂಡ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದರ ಜೀವನಕ್ರಮವನ್ನು ಅಭ್ಯಸಿಸಿ 1911ರಲ್ಲಿ ಪುಸ್ತಿಕೆ ಹೊರತಂದರು. ಅದಕ್ಕೂ ಮುನ್ನ, 1910ರಲ್ಲಿ, ಸ್ಪೇನಿನ ಇಗ್ನಾಸಿಯೊ ಬೊಲಿವಾರ್ ಇದಕ್ಕೆ ಕೋಲ್ಮೇನಿಯ ಸ್ಫೆನಾರಿಯಾಯ್ಡಿಸ್ ಎಂದು ಹೆಸರಿಟ್ಟಿದ್ದರು. ಮೆಕ್ಸಿಕೋದವರು ಹುರಿದು ತಿನ್ನುವ ಸ್ಫೆನಾರಿಯಂ ಮಿಡತೆಯನ್ನು ಇದು ಹೋಲುತ್ತದೆ ಎಂಬುದು ಹೆಸರಿನಲ್ಲೇ ಇದೆ.

ಹೋಲಿಕೆಯೆಲ್ಲ ನಂಟಲ್ಲ. ಮಿಡತೆಗಳಲ್ಲಿ ಬೇರೆಬೇರೆ ಕವಲುಗಳು ಬೇರೆಬೇರೆಯಾಗಿಯೇ ರೆಕ್ಕೆ ಕಳೆದುಕೊಂಡಿವೆ. ಆದ್ದರಿಂದ ದಖ್ಖನ್ನಿನದೂ ಮೆಕ್ಸಿಕೋದ್ದೂ ಎಷ್ಟು ಹತ್ತಿರದವು ಎಂಬುದನ್ನು ರೆಕ್ಕೆಯಿಲ್ಲದ ಮೈ ನೋಡಿ ತೀರ್ಮಾನಿಸಲಾಗದು, ಡಿಎನ್‌ಎ ಬೇಕು.

ಅದನ್ನು ಸಾಮಾನ್ಯವಾಗಿ ಹಿಂಗಾಲಿನ ತೊಡೆಯ ಸ್ನಾಯುವಿನಿಂದ ತೆಗೆಯುತ್ತಾರೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಲ್ಲಿ ಅವುಗಳದೇ ಡಿಎನ್‌ಎ ಇರುತ್ತದೆ. ಪ್ರಭೇದ ಗುರುತಿಸಲು ಅದರಲ್ಲಿನ ಸಿಒಐ ಎಂಬ ಜೀನಿನ 658 ಅಕ್ಷರಗಳ ತುಣುಕನ್ನು ಓದುವುದು ರೂಢಿ. ಆಳದ ಕವಲುಗಳಿಗೆ ಇಡೀ ಮೈಟೊಕಾಂಡ್ರಿಯ ಜೀನೋಮು ಬೇಕಾಗುತ್ತದೆ. ವಲಸೆ ಮಿಡತೆಯ ಮೈಟೊಕಾಂಡ್ರಿಯ ಜೀನೋಮನ್ನು ವಿಜ್ಞಾನಿಗಳಾದ ಫ್ಲುಕ್, ರೋವೆಲ್, ಗೆಲಿಸ್ಸೆನ್ 1995ರಲ್ಲಿ ಪ್ರಕಟಿಸಿದರು: 15,722 ಅಕ್ಷರ, 37 ಜೀನು. ಅದರಲ್ಲಿ ಅಕ್ಕಪಕ್ಕದ ಎರಡು ಚಿಕ್ಕ ಜೀನುಗಳು ಇತರ ಅನೇಕ ಕೀಟಗಳಲ್ಲಿರುವ ಕ್ರಮಕ್ಕೆ ತಿರುಗುಮುರುಗಾಗಿದ್ದವು. ಇಂಥ ಅದಲುಬದಲು ಅಪರೂಪವಾದ್ದರಿಂದ ವಂಶ ಗುರುತಿಸಲು ಒಳ್ಳೆಯ ಸಾಕ್ಷಿ.

ಆದರೆ ಮಿಡತೆಗಳ ಕೋಶಕೇಂದ್ರದ ಜೀನೋಮು ದೊಡ್ಡದು. 2014ರಲ್ಲಿ ಪ್ರಕಟವಾದ ವಲಸೆ ಮಿಡತೆಯದು ಸುಮಾರು 650 ಕೋಟಿ ಅಕ್ಷರ, ಮನುಷ್ಯನದಕ್ಕಿಂತ ಎರಡು ಪಟ್ಟು. ಮೈಟೊಕಾಂಡ್ರಿಯದ ತುಣುಕುಗಳು ಅಲ್ಲಿಗೆ ನಕಲಾಗಿ ಸೇರಿ, ಕೆಲಸ ಮಾಡದೆ ಉಳಿದಿರುತ್ತವೆ. ಪ್ರಯೋಗಾಲಯದಲ್ಲಿ ಆ ನಕಲೂ ಅಸಲಿನೊಡನೆ ಬೆರೆತರೆ ಒಂದೇ ಪ್ರಭೇದ ಹಲವಾಗಿ ಕಾಣುತ್ತದೆ ಎಂದು ಕೀಟವಿಜ್ಞಾನಿ ಹೊಜುನ್ ಸಾಂಗ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಪ್ರೊಟೀನಿನ ಜೀನಿನ ನಡುವೆ ಅಕಾಲದಲ್ಲಿ ‘ನಿಲ್ಲು’ ಸಂಕೇತ ಸಿಕ್ಕರೆ ಅದು ನಕಲೇ.

ಫಲ ದೊಡ್ಡದು. ಅಕ್ರಿಡಿಡೇ ಕುಟುಂಬ ಸುಮಾರು 5.9 ಕೋಟಿ ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಲ್ಲಿ ಹುಟ್ಟಿತೆಂದು ಸಾಂಗ್ ತಂಡ 2018ರಲ್ಲಿ ಅಂದಾಜಿಸಿತು. ಮರುಭೂಮಿ ಮಿಡತೆಯ ಬಳಗದ ಹೆಚ್ಚಿನ ಪ್ರಭೇದಗಳು ಅಮೆರಿಕ ಖಂಡಗಳಲ್ಲೇ ಇವೆ. ಆದರೂ ಈ ಬಳಗದ ಪೂರ್ವಜ ಮಿಡತೆಗಳು, ಕುಟುಂಬ ಹುಟ್ಟಿದ ಬಹುಕಾಲದ ನಂತರ, ಆಫ್ರಿಕಾದಿಂದ ಅಟ್ಲಾಂಟಿಕ್ ದಾಟಿ ಹೋದವು ಎಂಬುದು 2006ರ ಡಿಎನ್‌ಎ ಅಧ್ಯಯನದ ನಿರ್ಣಯ. 1988ರಲ್ಲಿ ಹಿಂಡುಗಳು ಪಶ್ಚಿಮ ಆಫ್ರಿಕಾದಿಂದ ಕೆರಿಬಿಯನ್ ದ್ವೀಪಗಳಿಗೆ ಹಾರಿದ್ದನ್ನು ಜನ ಕಣ್ಣಾರೆ ಕಂಡಿದ್ದಾರೆ.

ರೈತನಿಗೆ ಇದರ ಉಪಯೋಗ ನೇರವಾದದ್ದು. ಮೊಟ್ಟೆಯನ್ನೋ ಎಳೆ ಮರಿಯನ್ನೋ ನೋಡಿ ಪ್ರಭೇದ ಹೇಳುವುದು ಕಷ್ಟ, ಡಿಎನ್‌ಎಯಿಂದ ಹೇಳಬಹುದು. ಬಸವಕಲ್ಯಾಣ, ಹುಮನಾಬಾದಿನ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳು ಮಿಡತೆ ಸಂಗ್ರಹಿಸುವಾಗ ಫಾರ್ಮಲಿನ್ ಬಳಸಬಾರದು, ಅದು ಡಿಎನ್‌ಎಯನ್ನು ಕೆಡಿಸುತ್ತದೆ. ಶೇ. 95ರ ಎಥೆನಾಲಿನಲ್ಲಿಟ್ಟು ಊರು, ತಾರೀಖು, ಯಾವ ಬೆಳೆಯ ಮೇಲೆ ಸಿಕ್ಕಿತು ಎಂಬುದನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಸೀಸೆಯೊಳಗೇ ಹಾಕಬೇಕು.