ಜಿನ್ನು: ಅನುಪಾನವು ಪಾನವಾದ ಬಗೆ

ಆಯುರ್ವೇದದಲ್ಲಿ ಅನುಪಾನವೆಂಬುದೊಂದು ಪಾರಿಭಾಷಿಕ ಶಬ್ದ. ಕಹಿಯಾದ ಚೂರ್ಣವನ್ನೋ ತೀಕ್ಷ್ಣವಾದ ಭಸ್ಮವನ್ನೋ ಒಳಗಿಳಿಸುವುದಕ್ಕಾಗಿ ಅದರೊಡನೆ ಸೇವಿಸುವ ಜೇನು, ತುಪ್ಪ, ಹಾಲು, ಬಿಸಿನೀರು ಮುಂತಾದವುಗಳಿಗೆ ಆ ಹೆಸರು. ಔಷಧವು ಅರಸನಾದರೆ ಅನುಪಾನವು ಪಲ್ಲಕ್ಕಿ ಹೊರುವ ಬೋವಿ. ಯೂರೋಪಿನಲ್ಲಿ ಹುಟ್ಟಿ ಭೂಮಂಡಲವನ್ನೆಲ್ಲ ಸುತ್ತಿದ ಜಿನ್ನೆಂಬ ಮದ್ಯದ ಚರಿತ್ರೆಯಲ್ಲಿ ಬೋವಿಯೇ ಪಲ್ಲಕ್ಕಿಯೊಳಗೆ ಕುಳಿತು ಅರಸನನ್ನು ಹಿಂದೆ ಹಿಂದೆ ನಡೆಯಿಸಿಕೊಂಡು ಹೋದ ವಿಚಿತ್ರವನ್ನು ಕಾಣಬಹುದು. ಪಾಶ್ಚಾತ್ಯರ ಮನೆಗಳಲ್ಲಿಯೂ, ಈಚೆಗೆ ಈ ದೇಶದ ನಗರಗಳ ಕೆಲವು ಮನೆಗಳಲ್ಲಿಯೂ, ಅತಿಥಿಗಳಿಗಾಗಿ ಜಿನ್ನನ್ನು ಬೆರೆಸಿಕೊಡುವ ಗೃಹಸ್ಥನು ಲೋಟದ ಅಂಚಿಗೆ ಸಿಕ್ಕಿಸುವ ನಿಂಬೆಯ ಬಿಲ್ಲೆ, ತೊಟ್ಟಿಕ್ಕಿಸುವ ಎರಡು ಹನಿ ಕಹಿದ್ರವ, ಮೇಲೆ ಸುರಿಯುವ ಟಾನಿಕ್ ನೀರು, ಇವೆಲ್ಲವೂ ಒಂದಾನೊಂದು ಕಾಲದಲ್ಲಿ ವೈದ್ಯನ ಸಂಚಿಯಲ್ಲಿದ್ದ ಪದಾರ್ಥಗಳೇ. ಮದ್ಯವು ಅವುಗಳಿಗೆ ಅನುಪಾನವಾಗಿತ್ತು.

ಜಿನ್ನಿನ ಪ್ರಾಣವಿರುವುದು ಜೂನಿಪರ್ ಎಂಬ ಗಿಡದ ಕಪ್ಪು ನೀಲಿಯ ಪುಟ್ಟ ಕಾಯಿಯಲ್ಲಿ. ನಿಘಂಟುಕಾರರು ಹಪುಷಾ ಎಂದು ಕರೆದ ದ್ರವ್ಯವನ್ನು ವೈದ್ಯರು ಸಾಮಾನ್ಯವಾಗಿ ಇದರೊಂದಿಗೇ ಹೊಂದಿಸುತ್ತಾರೆ. ಉದರರೋಗಗಳಲ್ಲಿ ಅದಕ್ಕೆ ಪ್ರಾಶಸ್ತ್ಯ. ಯೂರೋಪಿನವರೂ ಅದನ್ನು ಹೊಟ್ಟೆಗಾಗಿಯೇ ಬಳಸಿದರು. ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಯಾಕೊಬ್ ವಾನ್ ಮಾರ್ಲಾಂಟನೆಂಬ ಫ್ಲೆಮಿಷ್ ಕವಿಯು ತನ್ನ ಪ್ರಕೃತಿಗ್ರಂಥದಲ್ಲಿ, ಈ ಕಾಯನ್ನು ಮಳೆಯ ನೀರಿನಲ್ಲಿಯೋ ದ್ರಾಕ್ಷಾಮದ್ಯದಲ್ಲಿಯೋ ಕುದಿಸಿ ಕುಡಿದರೆ ಹೊಟ್ಟೆಯ ನೋವು ಶಮನವಾಗುವುದೆಂದು ಬರೆದನು. ೧೫೫೨ರಲ್ಲಿ ಆಂಟ್‌ವರ್ಪಿನಲ್ಲಿ ಅಚ್ಚಾದ ಭಟ್ಟಿಯಿಳಿಸುವ ಶಾಸ್ತ್ರದ ಪುಸ್ತಕದಲ್ಲಿ ಜೂನಿಪರ್ ನೀರಿನ ವಿಧಾನವೇ ಇದೆ. ಲೈಡನ್ ವಿಶ್ವವಿದ್ಯಾಲಯದ ವೈದ್ಯ ಸಿಲ್ವಿಯಸನು ಈ ಮದ್ಯವನ್ನು ಕಂಡುಹಿಡಿದನೆಂಬ ಮಾತು ಅನೇಕ ಪುಸ್ತಕಗಳಲ್ಲಿ ಒಂದರಿಂದೊಂದಕ್ಕೆ ನಕಲಾಗುತ್ತ ಬಂದಿದೆ. ಆದರೆ ಸಿಲ್ವಿಯಸನು ಹುಟ್ಟಿದ್ದು ೧೬೧೪ರಲ್ಲಿ. ೧೬೨೩ರಲ್ಲಿ ಅಚ್ಚಾದ ಮ್ಯಾಸಿಂಜರನ ಆಂಗ್ಲ ನಾಟಕವೊಂದರಲ್ಲಿ ಈ ಮದ್ಯದ ಹೆಸರು ಆಗಲೇ ಬಂದಿದೆ. ಒಂಬತ್ತು ವರ್ಷದ ಬಾಲಕನಿಗೆ ಈ ಕೀರ್ತಿಯನ್ನು ಕಟ್ಟುವುದು ಹೇಗೆ?

ಹಾಲೆಂಡಿನ ವಿಲಿಯಮ್ಮನು ೧೬೮೯ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೇರಿದನು. ಮರುವರ್ಷ ಅಲ್ಲಿ ಧಾನ್ಯದಿಂದ ಮದ್ಯವನ್ನಿಳಿಸುವುದಕ್ಕೆ ಸರ್ವರಿಗೂ ಅನುಕೂಲವಾಗುವಂತಹ ಶಾಸನವಾಯಿತು. ಮುಂದಿನ ಅರವತ್ತು ವರ್ಷಗಳು ಲಂಡನ್ ನಗರದ ಬಡವರಿಗೆ ಘೋರಕಾಲ. ೧೭೩೪ರಲ್ಲಿ ಜೂಡಿತ್ ಡಿಫೋರ್ ಎಂಬವಳು ಅನಾಥಾಲಯದವರು ಹೊಸ ಬಟ್ಟೆ ತೊಡಿಸಿದ್ದ ತನ್ನ ಎರಡು ವರ್ಷದ ಮಗುವನ್ನು ಕರೆತಂದು, ಕತ್ತು ಹಿಸುಕಿ, ಆ ಬಟ್ಟೆಗಳನ್ನು ಮಾರಿ ಜಿನ್ನು ಕೊಂಡಳು, ನೇಣಿಗೇರಿದಳು. ೧೭೩೬ರ ಶಾಸನವು ಮಾರಾಟಗಾರರ ಮೇಲೆ ವರ್ಷಕ್ಕೆ ೫೦ ಪೌಂಡುಗಳ ಲೈಸೆನ್ಸನ್ನೂ, ಗ್ಯಾಲನ್ನಿಗೆ ೨೦ ಷಿಲಿಂಗುಗಳ ಸುಂಕವನ್ನೂ ಹೇರಿತು. ಅದರ ಫಲವಾಗಿ ಜಿನ್ನು ಮತ್ತೆ ಔಷಧದ ವೇಷವನ್ನೇ ತೊಟ್ಟಿತು: ಹೊಟ್ಟೆನೋವಿನ ನೀರೆಂದು ಚೀಟಿ ಅಂಟಿಸಿ ಔಷಧದ ಸೀಸೆಗಳಲ್ಲಿಯೇ ಮಾರಿದರು. ಕಡೆಗೆ ಹಿಡಿತ ಬಂದದ್ದು ೧೭೫೧ರ ಶಾಸನದಿಂದ. ಹೊಗಾರ್ತನು ಜಿನ್ನಿನ ಬೀದಿಯ ಪ್ರಸಿದ್ಧ ಚಿತ್ರವನ್ನು ಕೆತ್ತಿದ್ದೂ ಅದೇ ವರ್ಷ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೪ನೆಯ ಅಧ್ಯಾಯವು ಮದಾತ್ಯಯವನ್ನು ಕುರಿತದ್ದು. ವಿಧಿ, ಮಾತ್ರೆ, ಕಾಲ, ಹಿತವಾದ ಅನ್ನ, ದೇಹಬಲ ಇವುಗಳನ್ನರಿತು ಸೇವಿಸಿದ ಮದ್ಯಕ್ಕೂ ಅರಿಯದೆ ಸೇವಿಸಿದ ಮದ್ಯಕ್ಕೂ ಇರುವ ಅಂತರವನ್ನು ಅಲ್ಲಿ ಹೇಳಿದೆ. ಲಂಡನ್ನಿನ ಆ ಬಡವರ ಪಾಲಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಹಿತವಾದ ಅನ್ನವಂತೂ ಮೊದಲೇ ಇರಲಿಲ್ಲ.

ಮದ್ಯವನ್ನು ಹುಳಿ, ಸಿಹಿ, ಸಂಬಾರಗಳೊಡನೆ ಬೆರೆಸಿ ಕುಡಿಯುವ ಪದ್ಧತಿಯು ಆಂಗ್ಲರಿಗೆ ಬಂದದ್ದು ಭಾರತದ ತೀರದಿಂದ. ೧೬೭೦ರ ದಶಕದಲ್ಲಿ ಈ ಕಡೆ ಸಂಚರಿಸಿ ಕಾರವಾರ, ಗೋಕರ್ಣಗಳನ್ನೂ ಕಂಡ ವೈದ್ಯ ಜಾನ್ ಫ್ರಾಯರನು, ಗೋವೆಯ ಸಾರಾಯಿಯಿಂದ ಆಂಗ್ಲರು ಮಾಡುವ ಪಂಚ್ ಎಂಬ ಪಾನಕ್ಕೆ ಐದು ದ್ರವ್ಯಗಳು ಸೇರುವುದರಿಂದ ಆ ಹೆಸರೆಂದು ೧೬೯೮ರ ತನ್ನ ಗ್ರಂಥದಲ್ಲಿ ಹೇಳುತ್ತಾನೆ. ಈ ವ್ಯುತ್ಪತ್ತಿಯನ್ನು ಒಪ್ಪದ ಶಬ್ದಶಾಸ್ತ್ರಜ್ಞರೂ ಇದ್ದಾರೆ. ಪಂಚಾಮೃತವನ್ನು ಬಲ್ಲ ಮನೆಗಳಿಗೆ ಅದು ಅಸಂಭವವಾಗಿ ತೋರಲಾರದು. ಅಮೆರಿಕದಲ್ಲಿ ಕಾಕ್‌ಟೇಲ್ ಎಂಬ ಹೆಸರಿಗೆ ಅಚ್ಚಿನಲ್ಲಿ ಲಕ್ಷಣ ದೊರೆತದ್ದು ೧೮೦೬ರಲ್ಲಿ: ಮದ್ಯ, ಸಕ್ಕರೆ, ನೀರು, ಕಹಿ. ಈ ಕಹಿಯೂ ಔಷಧವೇ. ಬೊಲಿವಾರನ ಸೈನ್ಯದಲ್ಲಿ ವೈದ್ಯನಾಗಿದ್ದ ಜರ್ಮನ್ನನಾದ ಸೀಗರ್ಟನು ವೆನಿಜ್ವೇಲಾದ ಅಂಗೋಸ್ಟೂರಾ ಪಟ್ಟಣದಲ್ಲಿ ಸೈನಿಕರ ಅಜೀರ್ಣಕ್ಕಾಗಿ ೧೮೨೪ರಲ್ಲಿ ಸಿದ್ಧಪಡಿಸಿದ ಕಹಿದ್ರವವು ನಾವಿಕಾಧಿಕಾರಿಗಳ ಜಿನ್ನಿಗೆ ಬಿದ್ದು ಅದಕ್ಕೆ ಗುಲಾಬಿಯ ಬಣ್ಣವನ್ನಿತ್ತಿತು. ಮಾರ್ಟಿನಿಗೆ ಸೇರುವ ವರ್ಮೂತಿನ ಹೆಸರೂ ಮಾಚಿಪತ್ರೆಯ ಜಾತಿಯ ಗಿಡವೊಂದರ ಜರ್ಮನ್ ಹೆಸರೇ. ಜಂತುಹುಳುವಿನ ಮದ್ದಾಗಿ ಆ ಗಿಡವು ಬಹು ಹಿಂದಿನಿಂದ ಪ್ರಸಿದ್ಧವಾಗಿತ್ತು.

ನಿಂಬೆಯ ಕಥೆಯು ಇವೆಲ್ಲಕ್ಕಿಂತ ಸ್ವಾರಸ್ಯವಾದುದು. ತಿಂಗಳುಗಟ್ಟಲೆ ಸಮುದ್ರದ ಮೇಲಿರುವ ನಾವಿಕರಿಗೆ ಒಸಡು ಕೊಳೆತು, ಹಳೆಯ ಗಾಯಗಳು ಬಿರಿದು, ಸಾವು ಸಂಭವಿಸುವ ಸ್ಕರ್ವಿ ರೋಗವು ಯುದ್ಧಕ್ಕಿಂತ ಹೆಚ್ಚು ಜನರನ್ನು ನುಂಗುತ್ತಿತ್ತು. ೧೭೪೭ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ೧೨ ಜನ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೊತೆಗಳಾಗಿ ಮಾಡಿ ಒಂದೊಂದು ಜೊತೆಗೆ ಒಂದೊಂದು ಬಗೆಯ ಉಪಚಾರವನ್ನು ಕೊಟ್ಟನು. ಕಿತ್ತಳೆಯನ್ನೂ ದೊಡ್ಡ ಜಾತಿಯ ಹಳದಿ ನಿಂಬೆಯನ್ನೂ ತಿಂದ ಜೊತೆಯು ಬೇಗನೆ ಚೇತರಿಸಿಕೊಂಡು, ಅವರಲ್ಲೊಬ್ಬನು ಆರು ದಿನಗಳಲ್ಲಿ ಕೆಲಸಕ್ಕೆ ಮರಳಿದನು. ಇಷ್ಟು ಸ್ಪಷ್ಟವಾದ ಫಲವು ಕಣ್ಣೆದುರಿಗಿದ್ದರೂ ನೌಕಾಪಡೆಯು ನಿಂಬೆಯ ರಸವನ್ನು ಕ್ರಮವಾಗಿ ಕೊಡತೊಡಗಿದ್ದು ೧೭೯೫ರಲ್ಲಿ. ಆಮೇಲೆ ರೋಗವು ಬಹುಮಟ್ಟಿಗೆ ಅಡಗಿತು. ೧೮೬೦ರ ದಶಕದಲ್ಲಿ ಅಧಿಕಾರಿಗಳು ಮೆಡಿಟರೇನಿಯನ್ ಪ್ರಾಂತದ ಹಳದಿ ನಿಂಬೆಯನ್ನು ಬಿಟ್ಟು ತಮ್ಮದೇ ವಸಾಹತುಗಳಾದ ವೆಸ್ಟ್ ಇಂಡೀಸಿನ ಸಣ್ಣ ಹಸುರು ನಿಂಬೆಯನ್ನು ಹಿಡಿದರು. ಅದು ಹೆಚ್ಚು ಹುಳಿ, ಆದುದರಿಂದ ಹೆಚ್ಚು ಗುಣಕಾರಿ ಎಂಬುದು ಅವರ ಊಹೆ. ಗುಣವಿದ್ದದ್ದು ಹುಳಿಯಲ್ಲಲ್ಲ, ಆಗಿನ್ನೂ ಹೆಸರಿಲ್ಲದಿದ್ದ ಜೀವಸತ್ತ್ವದಲ್ಲಿ. ತಾಜಾ ಹಸುರು ನಿಂಬೆಯ ಶಕ್ತಿಯು ಹಳದಿ ನಿಂಬೆಯ ಶಕ್ತಿಯ ಸುಮಾರು ಕಾಲು ಪಾಲೆಂದು ೧೯೧೮ರಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಸಂಗಡಿಗರ ಪ್ರಯೋಗಗಳಿಂದ ತಿಳಿಯಿತು. ಪೀಪಾಯಿಯಲ್ಲಿ ಹಳೆಯದಾದ ರಸದಲ್ಲಿ ಅಷ್ಟೂ ಉಳಿಯುತ್ತಿರಲಿಲ್ಲ. ೧೮೭೫ರಲ್ಲಿ ಹೊರಟ ನೇರ್ಸನ ಉತ್ತರಧ್ರುವ ಯಾತ್ರೆಯವರು ನಿಂಬೆಯ ರಸವನ್ನು ಹೊತ್ತುಕೊಂಡು ಹೋಗಿಯೂ ಸ್ಕರ್ವಿಗೆ ಸಿಕ್ಕಿದರು.

೧೮೬೭ರಲ್ಲಿ ಲೀತ್ ಬಂದರಿನ ಲಾಕ್ಲನ್ ರೋಸನು ಮದ್ಯವನ್ನು ಸೇರಿಸದೆ, ಸಕ್ಕರೆಯಿಂದ ನಿಂಬೆಯ ರಸವನ್ನು ಕೆಡದಂತಿರಿಸುವ ಕ್ರಮಕ್ಕೆ ಪೇಟೆಂಟನ್ನು ಪಡೆದನು. ಮದ್ಯವಿಲ್ಲದೆ ಉಳಿಯಲೆಂದು ಮಾಡಿದ ಆ ಪಾನಕವೇ ಜಿನ್ನಿನೊಡನೆ ಕೂಡಿ ಗಿಮ್ಲೆಟ್ ಆಯಿತು. ಹ್ಯಾರಿ ಕ್ರ್ಯಾಡಕನು ೧೯೩೦ರ ತನ್ನ ಪುಸ್ತಕದಲ್ಲಿ ಕೊಟ್ಟ ಪ್ರಮಾಣವು ಅರ್ಧ ಜಿನ್ನು, ಅರ್ಧ ನಿಂಬೆಯ ಪಾನಕ.

ಇನ್ನು ಟಾನಿಕ್ ನೀರು. ಮಲೆನಾಡಿನ ಹಳೆಯ ಮನೆಗಳಿಗೆ ಚಳಿಜ್ವರವನ್ನೂ ಕ್ವಿನೈನಿನ ಕಹಿಯನ್ನೂ ಪರಿಚಯ ಮಾಡಿಕೊಡಬೇಕಾಗಿಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಸಿಂಕೋನಾ ಮರದ ತೊಗಟೆಯಿಂದ ಈ ಸತ್ತ್ವವನ್ನು ೧೮೨೦ರಲ್ಲಿ ಬೇರ್ಪಡಿಸಿದವರು ಫ್ರಾನ್ಸಿನ ಪೆಲ್ತಿಯೆ ಮತ್ತು ಕಾವಾಂತೂ. ತೊಗಟೆಗಾಗಿ ಪರರಾಜ್ಯವನ್ನು ನೆಚ್ಚಿಕೊಂಡಿರಲು ಬಯಸದ ಆಂಗ್ಲ ಸರಕಾರವು ಕ್ಲೆಮೆಂಟ್ಸ್ ಮಾರ್ಕಮನನ್ನು ಅಲ್ಲಿಗೆ ಕಳುಹಿಸಿತು. ಅವನು ೧೮೬೦ರಲ್ಲಿ ತಂದ ಸಸಿಗಳು ಬದುಕಲಿಲ್ಲ. ರಿಚರ್ಡ್ ಸ್ಪ್ರೂಸನು ಈಕ್ವೆಡಾರಿನಲ್ಲಿ ಸಂಗ್ರಹಿಸಿದ ಕೆಂಪು ತೊಗಟೆಯ ಜಾತಿಯು ನೀಲಗಿರಿಯಲ್ಲಿ ಬೇರೂರಿತು. ಉದಕಮಂಡಲದ ಸರಕಾರಿ ತೋಟದ ಮ್ಯಾಕೈವರನು ಅದನ್ನು ದೊಡ್ಡಬೆಟ್ಟದ ಇಳಿಜಾರಿನಲ್ಲಿಯೂ ನಡುವಟ್ಟಂನಲ್ಲಿಯೂ ಬೆಳೆಯಿಸಿದನು. ದೊಡ್ಡಬೆಟ್ಟವೆಂಬ ಹೆಸರೇ ಅಲ್ಲಿನ ಬಡಗರ ನುಡಿಗೂ ಕನ್ನಡಕ್ಕೂ ಇರುವ ನಂಟನ್ನು ಸಾರುತ್ತದೆ. ಮುಂದೆ ಜಾವಾದ್ವೀಪದಲ್ಲಿ ಡಚ್ಚರು ಇದಕ್ಕಿಂತ ಸತ್ತ್ವಶಾಲಿಯಾದ ಜಾತಿಯನ್ನು ಬೆಳೆಯಿಸಿ ಲೋಕದ ಪೇಟೆಯನ್ನೇ ಹಿಡಿದರು. ಆದರೂ ಈ ದೇಶದ ತೊಗಟೆಯಿಂದ ಬಡವನಿಗೆ ಲಾಭವಾಗದೆ ಹೋಗಲಿಲ್ಲ. ೧೮೯೨ರಿಂದ ಬಂಗಾಳದ ಅಂಚೆಕಚೇರಿಗಳಲ್ಲಿ ಕ್ವಿನೈನಿನ ಪೊಟ್ಟಣಗಳು ಒಂದು ಪೈಸೆಗೆ ಮಾರಾಟವಾದವು. ಆ ಪೊಟ್ಟಣಕ್ಕೆ ನೀರೇ ಅನುಪಾನ.

ದೊರೆಗಳ ಬಂಗಲೆಗಳಲ್ಲಿ ಮಾತ್ರ ಬೇರೆ ಏರ್ಪಾಡು. ಸೈನಿಕರಿಗೆ ದಿನವೂ ಕ್ವಿನೈನನ್ನು ಕುಡಿಸುವುದಕ್ಕಾಗಿ ಜಿನ್ನನ್ನು ಬೆರೆಸಿದರು, ಅದರಿಂದ ಈ ಪಾನವು ಹುಟ್ಟಿತು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕಾಲಕ್ರಮವು ಅದಕ್ಕೆ ಅಷ್ಟಾಗಿ ಒತ್ತಾಸೆಯಾಗಿಲ್ಲ. ಎರಾಸ್ಮಸ್ ಬಾಂಡನು ವಾಯುಮಿಶ್ರಿತ ಟಾನಿಕ್ ನೀರಿಗೆ ಪೇಟೆಂಟ್ ಪಡೆದದ್ದು ೧೮೫೮ರಲ್ಲಿ, ಲಂಡನ್ನಿನಲ್ಲಿ. ಜಿನ್ನು, ಟಾನಿಕ್ಕುಗಳೆರಡೂ ಕೂಡಿ ಅಚ್ಚಿನಲ್ಲಿ ಕಾಣುವುದು ೧೮೬೮ರ ಒಂದು ಆಂಗ್ಲೋ ಇಂಡಿಯನ್ ಕ್ರೀಡಾಪತ್ರಿಕೆಯಲ್ಲಿ, ಕುದುರೆಪಂದ್ಯದ ಪ್ರಸ್ತಾಪದ ನಡುವೆ. ಆಸ್ಪತ್ರೆಯ ವಾಸನೆ ಅಲ್ಲಿಲ್ಲ. ಮಂಜುಗಡ್ಡೆಯೂ ಆ ಹೊತ್ತಿಗೆ ಬಂದಾಗಿತ್ತು: ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರನು ಅಲ್ಲಿನ ಕೆರೆಗಳ ಹಿಮವನ್ನು ಕೊಯ್ದು ೧೮೩೩ರಲ್ಲಿ ಕಲ್ಕತ್ತೆಗೆ ಹಡಗಿನಲ್ಲಿ ಕಳುಹಿಸಿದನು. ಮದರಾಸಿನ ಕಡಲ ದಂಡೆಯಲ್ಲಿ ಆ ಹಿಮವನ್ನಿರಿಸುತ್ತಿದ್ದ ಕಟ್ಟಡದಲ್ಲಿಯೇ ೧೮೯೭ರಲ್ಲಿ ಸ್ವಾಮಿ ವಿವೇಕಾನಂದರು ತಂಗಿ ಉಪನ್ಯಾಸಗಳನ್ನಿತ್ತರು.

ಕಾಕ್‌ಟೇಲು ಅಂಗಡಿಯನ್ನು ಬಿಟ್ಟು ಮನೆಯನ್ನು ಹೊಕ್ಕದ್ದಕ್ಕೆ ಮುಖ್ಯ ಕಾರಣ ಅಮೆರಿಕದ ಪಾನನಿಷೇಧ. ೧೯೨೦ರ ಜನವರಿ ೧೭ರಿಂದ ೧೯೩೩ರ ಡಿಸೆಂಬರ್ ೫ರ ವರೆಗೆ ಅಲ್ಲಿ ಮದ್ಯದ ತಯಾರಿಕೆಯೂ ಮಾರಾಟವೂ ಕಾನೂನಿಗೆ ವಿರುದ್ಧವಾಗಿದ್ದವು. ಕ್ರ್ಯಾಡಕನಂತಹ ಕುಶಲರು ಲಂಡನ್ನಿಗೆ ಹೊರಟುಹೋದರು. ವೈದ್ಯನ ಚೀಟಿಯಿದ್ದವನಿಗೆ ಮಾತ್ರ ಔಷಧಾಲಯದಲ್ಲಿ ಮದ್ಯ ದೊರೆಯುತ್ತಿತ್ತು. ಇನ್ನೂರು ವರ್ಷಗಳ ಹಿಂದಿನ ಲಂಡನ್ನಿನ ವೇಷವೇ ಮತ್ತೆ! ಉಳಿದವರು ಜಿನ್ನನ್ನು ಮನೆಯಲ್ಲಿಯೇ ಕೂಡಿಸಿಕೊಂಡರು. ಬೇರೆ ಮದ್ಯಗಳಿಗೆ ವರ್ಷಗಟ್ಟಲೆ ಪೀಪಾಯಿಯ ವಾಸ ಬೇಕು. ಇದಕ್ಕಾದರೋ ಸ್ಪಿರಿಟ್ಟು, ನೀರು, ಗ್ಲಿಸರಿನ್ನು, ನಾಲ್ಕು ಹನಿ ಜೂನಿಪರ್ ಎಣ್ಣೆ ಇದ್ದರೆ ಸಾಕು. ಅದರ ಒರಟು ರುಚಿಯನ್ನು ಮುಚ್ಚಲು ಜೇನು, ಕಿತ್ತಳೆ, ನಿಂಬೆಗಳನ್ನು ಧಾರಾಳವಾಗಿ ಸುರಿದರು. ಆ ಕಾಲದ ಬೆರಕೆಗಳಲ್ಲಿ ಹಲವು ಇಂದಿಗೂ ರುಚಿಯೆನಿಸಿಕೊಂಡು ನಡೆಯುತ್ತಿವೆ. ಮೊದಲು ಅವು ಮುಸುಕುಗಳಾಗಿದ್ದವು.

ಮುಸುಕಿನ ಒಳಗಿದ್ದುದು ಹಲವು ವೇಳೆ ಮೃತ್ಯು. ಕಾರ್ಖಾನೆಗಳಿಗೆಂದು ಸುಂಕವಿಲ್ಲದೆ ಕೊಡುತ್ತಿದ್ದ ಸ್ಪಿರಿಟ್ಟನ್ನು ಯಾರೂ ಕುಡಿಯದಿರಲೆಂದು ಸರಕಾರವೇ ಅದಕ್ಕೆ ಮಿಥೈಲ್ ಆಲ್ಕೊಹಾಲ್ ಮೊದಲಾದ ವಿಷಗಳನ್ನು ಸೇರಿಸುವಂತೆ ವಿಧಿಸಿತ್ತು. ಮಿಥೈಲ್ ಆಲ್ಕೊಹಾಲು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನು ಕೆಡಿಸುತ್ತದೆ. ಬಣ್ಣವಾಗಲಿ ರುಚಿಯಾಗಲಿ ಅದನ್ನು ಹೊರಗೆಡಹುವುದಿಲ್ಲ. ಕಳ್ಳರು ವಿಷವನ್ನು ಅರೆಬರೆ ತೆಗೆದು ಮಾರಿದರು. ೧೯೨೬ರ ಕ್ರಿಸ್ಮಸ್ ಸಮಯದಲ್ಲಿ ನ್ಯೂಯಾರ್ಕಿನಲ್ಲಿ ಅನೇಕರು ಸತ್ತರು. ಆ ನಗರದ ಮುಖ್ಯ ಶವಪರೀಕ್ಷಕನಾದ ಚಾರ್ಲ್ಸ್ ನಾರಿಸನು, ಕುಡಿಯುವರೆಂದು ತಿಳಿದೂ ತಿಳಿದೂ ವಿಷವನ್ನು ಬೆರೆಸುವ ಸರಕಾರವು ಈ ಸಾವುಗಳಿಗೆ ನೈತಿಕವಾಗಿ ಹೊಣೆಯೆಂದು ಬಹಿರಂಗವಾಗಿ ನುಡಿದನು. ನಾಲ್ಕಾಣೆಯ ಸ್ಪಿರಿಟ್ಟನ್ನು ಕುಡಿದು ಸತ್ತವರು ಬಡವರು, ಒಳ್ಳೆಯ ಸರಕನ್ನು ಕದ್ದು ತರಿಸಬಲ್ಲ ಧನಿಕರಲ್ಲ ಎಂಬುದನ್ನೂ ಅವನು ಮುಚ್ಚಿಡಲಿಲ್ಲ. ಇದು ದೂರದ ದೇಶದ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ೧೯೮೧ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಲಬೆರಕೆಯ ಸಾರಾಯಿಯಿಂದ ೩೦೦ಕ್ಕಿಂತ ಹೆಚ್ಚು ಜನರನ್ನು ಕೊಂದದ್ದೂ ಇದೇ ಮಿಥೈಲ್ ಆಲ್ಕೊಹಾಲು.

ಇಂದಿನ ಗೃಹಸ್ಥನ ಕ್ರಮವು ಸುಂಕ ತೆತ್ತ ಸೀಸೆಯಿಂದ ಆರಂಭವಾಗುವುದರಿಂದ ಆ ಭಯವಿಲ್ಲ. ಒಂದು ಪಾಲು ಜಿನ್ನಿಗೆ ಎರಡು ಮೂರು ಪಾಲು ಟಾನಿಕ್ಕು, ಲೋಟದ ತುಂಬ ದೊಡ್ಡ ಮಂಜುಗಡ್ಡೆ. ಸಣ್ಣ ಚೂರುಗಳು ಬೇಗ ಕರಗಿ ರುಚಿಯನ್ನು ತೆಳುವಾಗಿಸುತ್ತವೆ. ನಿಂಬೆ, ಕಿತ್ತಳೆಗಳ ಪರಿಮಳವಿರುವುದು ರಸದಲ್ಲಿ ಅಲ್ಲ, ಸಿಪ್ಪೆಯ ಹೊರಮೈಯ ಎಣ್ಣೆಯ ಚೀಲಗಳಲ್ಲಿ. ಆದುದರಿಂದ ಸಿಪ್ಪೆಯನ್ನು ತೆಳುವಾಗಿ ಹೆರೆದು, ಪಾನದ ಮೇಲೆ ಹಿಡಿದು ಹಿಂಡುತ್ತಾರೆ. ಕಣ್ಣಿಗೆ ಕಾಣದ ಎಣ್ಣೆಯು ಮೇಲ್ಮೈಯಲ್ಲಿ ಹರಡಿ ಮೂಗಿಗೆ ಮೊದಲು ಮುಟ್ಟುತ್ತದೆ. ಒಳಗಿನ ಬಿಳಿಯ ಭಾಗವು ಕಹಿ. ಹೇರಳೆಕಾಯಿಯ ಗೊಜ್ಜನ್ನು ಮಾಡಬಲ್ಲ ಗೃಹಿಣಿಗೆ ಇದನ್ನು ಹೇಳಿಕೊಡುವ ಅಗತ್ಯವಿಲ್ಲ. ಕೆಲವರು ಕೊತ್ತಂಬರಿ ಬೀಜ, ಏಲಕ್ಕಿ, ಮೆಣಸುಗಳನ್ನು ಹಾಕಿ ಹೊಸತೆಂದು ಹಿಗ್ಗುವುದುಂಟು. ಕೊತ್ತಂಬರಿ ಬೀಜವಂತೂ ಜೂನಿಪರಿನ ಜೊತೆಗೆ ಭಟ್ಟಿಯೊಳಗೇ ಬೆಂದು ಬಂದದ್ದು.

ಈ ಲೋಟದಲ್ಲಿ ಔಷಧವು ಎಷ್ಟು ಉಳಿದಿದೆಯೆಂದು ಕೇಳಿದರೆ ಲೆಕ್ಕವು ಸುಲಭ. ಅಮೆರಿಕದ ನಿಯಮದ ಪ್ರಕಾರ ಟಾನಿಕ್ ನೀರಿನಲ್ಲಿ ಲೀಟರಿಗೆ ಸುಮಾರು ೮೩ ಮಿಲಿಗ್ರಾಮಿಗಿಂತ ಹೆಚ್ಚು ಕ್ವಿನೈನ್ ಇರಕೂಡದು. ಜ್ವರದ ಚಿಕಿತ್ಸೆಯಲ್ಲಿ ದೊಡ್ಡವರಿಗೆ ಸುಮಾರು ೬೦೦ ಮಿಲಿಗ್ರಾಮಿನಂತೆ ದಿನಕ್ಕೆ ಮೂರಾವರ್ತಿ ಅದನ್ನು ಕೊಡುವ ವಾಡಿಕೆ. ಒಂದು ದಿನದ ಮದ್ದಿಗೆ ೨೧ ಲೀಟರಿಗಿಂತ ಹೆಚ್ಚು ಟಾನಿಕ್ಕನ್ನು ಕುಡಿಯಬೇಕಾದೀತು. ಉಳಿದಿರುವ ಆ ಅಲ್ಪಾಂಶವನ್ನು ಬೇಕಾದರೆ ಕಣ್ಣಿನಿಂದಲೇ ನೋಡಬಹುದು: ಕ್ವಿನೈನ್ ಬೆರೆತ ದ್ರವವನ್ನು ಬಿಸಿಲಿಗೆ ಹಿಡಿದರೆ ಅದರ ಮೇಲ್ಮೈಯಲ್ಲಿ ತೆಳುವಾದ ನೀಲಿಯ ಹೊಳಪು ತೋರುವುದನ್ನು ಜಾನ್ ಹರ್ಷೆಲನು ೧೮೪೫ರಲ್ಲಿ ವರ್ಣಿಸಿದನು.