ರಕ್ಷಣೆಯ ಸ್ಥಿರತೆ: ಕ್ರೈಸ್ತ ವಿವಾದವೊಂದರ ಚರಿತ್ರೆ

ಕ್ರಿಸ್ತನನ್ನು ನಂಬಿ ರಕ್ಷಣೆ ಹೊಂದಿದವರು ಮುಂದೆ ಪಾಪದಿಂದ ಅದನ್ನು ಕಳೆದುಕೊಳ್ಳಬಹುದೇ, ತಾವಾಗಿಯೇ ತೊರೆಯಬಹುದೇ ಎಂಬುದು ಕ್ರೈಸ್ತ ಧರ್ಮಶಾಸ್ತ್ರದ ಹಳೆಯ ವಿವಾದ. ಬೈಬಲಿನಲ್ಲಿ ಎರಡೂ ಪಕ್ಷಗಳಿಗೆ ಆಧಾರ ಸಿಗುತ್ತದೆ. ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಸಿದುಕೊಳ್ಳಲಾರರೆಂದು ಯೇಸು ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಭರವಸೆ ಕೊಡುತ್ತಾನೆ. ಪವಿತ್ರಾತ್ಮನಲ್ಲಿ ಪಾಲು ಪಡೆದ ಮೇಲೂ ಬಿದ್ದುಹೋದವರನ್ನು ಪಶ್ಚಾತ್ತಾಪಕ್ಕೆ ತಿರುಗಿಸಲಾಗದೆಂದು ಇಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯ ಎಚ್ಚರಿಸುತ್ತದೆ.

ವಿವಾದ ಹುಟ್ಟಿದ್ದು ಪಂಡಿತರ ಗ್ರಂಥಗಳಲ್ಲಲ್ಲ, ಜನರ ಸಂಕಟದಲ್ಲಿ. ಕ್ರಿ.ಶ. 250ರ ಹೊತ್ತಿಗೆ ರೋಮನ್ ಚಕ್ರವರ್ತಿ ಡೆಸಿಯಸ್, ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞಾಪಿಸಿದ. ಅಂಥ ಪತ್ರಗಳು ಈಜಿಪ್ಟಿನಲ್ಲಿ ದೊರೆತ ಪಪೈರಸ್ ಹಾಳೆಗಳ ಮೇಲೆ ಇಂದಿಗೂ ಉಳಿದಿವೆ. ಜೀವಭಯದಿಂದ ಅನೇಕ ಕ್ರೈಸ್ತರು ಬಲಿ ಕೊಟ್ಟರು. ಕೆಲವರು ಲಂಚ ಕೊಟ್ಟು ಪತ್ರವನ್ನಷ್ಟೇ ಕೊಂಡರು. ಹಿಂಸೆ ತಣಿದಾಗ ಅವರೆಲ್ಲ ಅಳುತ್ತಾ ಸಭೆಯ ಬಾಗಿಲಿಗೆ ಬಂದರು. ಕೃಪೆಯಿಂದ ಬೀಳಬಹುದೆಂಬುದರಲ್ಲಿ ಆಗ ಯಾರಿಗೂ ಸಂದೇಹವಿರಲಿಲ್ಲ; ಬಿದ್ದವರು ಮರಳಬಹುದೇ ಎಂಬುದೇ ಪ್ರಶ್ನೆ. ಸಭೆ ಅವರನ್ನು ಸೇರಿಸಿಕೊಳ್ಳಲೇಬಾರದೆಂದು ರೋಮಿನ ನೊವೇಷಿಯನ್ ಪಟ್ಟುಹಿಡಿದು 251ರಲ್ಲಿ ಬೇರೆಯಾದ. ಕಾರ್ತೇಜಿನ ಬಿಷಪ್ ಸಿಪ್ರಿಯನ್ ಆ ವರ್ಷದ ಸಭೆಯಲ್ಲಿ ನಡುದಾರಿ ಹಿಡಿದ: ಪತ್ರ ಕೊಂಡವರಿಗೆ ಪ್ರಾಯಶ್ಚಿತ್ತದ ನಂತರ ಪ್ರವೇಶ, ಬಲಿ ಕೊಟ್ಟವರಿಗೆ ಮರಣಶಯ್ಯೆಯಲ್ಲಿ ಕ್ಷಮೆ. ಮತ್ತೊಂದು ಹಿಂಸೆಯ ಸುಳಿವು ಸಿಕ್ಕಾಗ ಪಶ್ಚಾತ್ತಾಪದಲ್ಲಿದ್ದ ಎಲ್ಲರನ್ನೂ ಸೇರಿಸಿಕೊಳ್ಳಲಾಯಿತು. ಹಿಂಸೆಯ ಕಾಲದಲ್ಲಿ ತಾನೂ ಅಡಗಿದ್ದ ಸಿಪ್ರಿಯನ್ 258ರಲ್ಲಿ ಶಿರಚ್ಛೇದಕ್ಕೆ ಒಳಗಾಗಿ ಹುತಾತ್ಮನಾದ. ಮುಂದಿನ ಶತಮಾನಗಳ ಸೂಕ್ಷ್ಮ ತರ್ಕಗಳಿಗಿಂತ, ಬಿದ್ದವರ ಕುರಿತ ಅವನ ಈ ತೀರ್ಮಾನದಲ್ಲಿ ಮನುಷ್ಯರ ದೌರ್ಬಲ್ಯದ ಅರಿವು ಹೆಚ್ಚಿದೆ.

ಪ್ರಶ್ನೆಯ ದಿಕ್ಕು ಬದಲಿಸಿದವನು ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್. ಕೊನೆಯವರೆಗೆ ನಿಲ್ಲುವ ಬಲವೂ ದೇವರ ವರವೇ, ಆತ ಆರಿಸಿಕೊಂಡವರಿಗೆ ಮಾತ್ರ ಅದು ದೊರೆಯುತ್ತದೆ ಎಂದು ತನ್ನ ಕೊನೆಯ ವರ್ಷಗಳಲ್ಲಿ ಬರೆದ. ದೀಕ್ಷಾಸ್ನಾನ ಹೊಂದಿ ನೀತಿವಂತನಾಗಿ ಬದುಕಿದವನೂ ಬೀಳಬಹುದು. ಆ ವರ ತನಗಿದೆಯೇ ಎಂಬುದು ಬದುಕಿರುವಾಗ ಯಾರಿಗೂ ಖಚಿತವಾಗಿ ತಿಳಿಯದು.

ಪ್ರೊಟೆಸ್ಟೆಂಟ್ ಸುಧಾರಣೆಯ ಕಾಲದಲ್ಲಿ ಪಕ್ಷಗಳು ಸ್ಪಷ್ಟವಾದವು. ಲೂಥರನ ಅನುಯಾಯಿಗಳು 1530ರ ಆಗ್ಸ್‌ಬರ್ಗ್ ನಿವೇದನೆಯಲ್ಲಿ, ನೀತಿವಂತರೆನಿಸಿದವರು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರರೆಂಬ ವಾದವನ್ನೂ ನೊವೇಷಿಯನ್ನನ ಪಂಥವನ್ನೂ ಒಟ್ಟಿಗೇ ಖಂಡಿಸಿದರು. ಘೋರ ಪಾಪದಿಂದ ಕೃಪೆ ಹೋಗುತ್ತದೆ, ಪಾಪನಿವೇದನೆಯ ಸಂಸ್ಕಾರದಿಂದ ಮರಳುತ್ತದೆ ಎಂದು ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ನಿರ್ಣಯಿಸಿತು. ಸುಧಾರಕ ಕ್ಯಾಲ್ವಿನ್ ಮಾತ್ರ ನಿಜವಾದ ವಿಶ್ವಾಸ ಎಂದೂ ಆರದೆಂದ. ಶಾಶ್ವತವಾಗಿ ತೊರೆದುಹೋದವರಲ್ಲಿ ಅದು ಮೊದಲೇ ಇರಲಿಲ್ಲ. ಅಗಸ್ಟೀನ್ ದೇವರ ಗುಟ್ಟಾಗಿ ಬಿಟ್ಟದ್ದನ್ನು ಕ್ಯಾಲ್ವಿನ್ ವಿಶ್ವಾಸಿಯ ಸಮಾಧಾನವಾಗಿಸಿದ. ಈ ಚರಿತ್ರೆಯ ದೊಡ್ಡ ತಿರುವು ಇದೇ.

ಆದರೆ ಆ ಸಮಾಧಾನ ಹಾಲೆಂಡಿನಲ್ಲಿ ರಾಜಕೀಯ ಕಲಹಕ್ಕೆ ಸಿಕ್ಕಿತು. ಕ್ಯಾಲ್ವಿನ್ ಪಂಥದ ಬೋಧನೆಯನ್ನು ಪ್ರಶ್ನಿಸಿದ್ದ ಅಲ್ಲಿನ ಧರ್ಮಶಾಸ್ತ್ರಜ್ಞ ಆರ್ಮಿನಿಯಸ್ 1609ರಲ್ಲಿ ತೀರಿಕೊಂಡ ಮೇಲೆ ಅವನ ಅನುಯಾಯಿಗಳು 1610ರಲ್ಲಿ ಐದು ಅಂಶಗಳ ಮನವಿ ಸಲ್ಲಿಸಿದರು. ವಿಶ್ವಾಸಿಗಳು ಬೀಳಬಹುದೇ ಎಂಬುದನ್ನು ಇನ್ನೂ ಪರಿಶೀಲಿಸಬೇಕು ಎಂದಷ್ಟೇ ಐದನೆಯದು ಹೇಳಿತ್ತು. ಡಾರ್ಟ್ ಮಹಾಸಭೆ (1618–19) ಅವರನ್ನು ಖಂಡಿಸಿತು. ದಾವೀದ, ಪೇತ್ರರಂತೆ ಭಕ್ತರು ಘೋರವಾಗಿ ಬೀಳಬಹುದು, ದೇವರು ಅವರನ್ನು ಪೂರ್ತಿ ಕೈಬಿಡನು ಎಂಬುದು ಅದರ ಬೋಧನೆ. ಸುಮಾರು 200 ಬೋಧಕರು ಹುದ್ದೆ ಕಳೆದುಕೊಂಡರು. ಆರ್ಮಿನಿಯನ್ನರ ಬೆಂಬಲಿಗನಾಗಿದ್ದ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್‌ನ ತಲೆಯನ್ನು 1619ರ ಮೇ ತಿಂಗಳಲ್ಲಿ ಕಡಿಯಲಾಯಿತು. ಕೃಪೆಯ ಕುರಿತ ಚರ್ಚೆಗೆ ಇಂಥ ರಕ್ತ ಅಂಟಿದ್ದು ನೋವಿನ ಸಂಗತಿ.

ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿ ಆರ್ಮಿನಿಯಸ್‌ನ ದಾರಿ ಹಿಡಿದು, ವಿಶ್ವಾಸಿ ಬಿದ್ದು ನಾಶವಾಗಬಹುದೆಂದು 1751ರಲ್ಲಿ ಪುಸ್ತಿಕೆಯೊಂದನ್ನು ಬರೆದ. ಭಿನ್ನಮತ ಇಂದಿಗೂ ಉಳಿದಿದೆ: ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು ರಕ್ಷಣೆ ಶಾಶ್ವತವೆನ್ನುತ್ತಾರೆ. ಪೆಂಟಕೋಸ್ಟಲ್ ಪಂಥವಾದ ಅಸೆಂಬ್ಲೀಸ್ ಆಫ್ ಗಾಡ್ ಇದನ್ನು ಒಪ್ಪುವುದಿಲ್ಲ.

ಕರ್ನಾಟಕಕ್ಕೆ ಈ ಎರಡೂ ಧಾರೆಗಳು ಮಿಷನರಿಗಳೊಂದಿಗೆ ಬಂದವು. ಬಳ್ಳಾರಿಯಲ್ಲಿ 1810ರಲ್ಲಿ ಕೆಲಸ ಆರಂಭಿಸಿದ ಲಂಡನ್ ಮಿಷನ್ ಕ್ಯಾಲ್ವಿನ್ ಪರಂಪರೆಗೆ ಹತ್ತಿರ. ಮೈಸೂರು ಸೀಮೆಯ ಮೆಥೊಡಿಸ್ಟರು ವೆಸ್ಲಿಯ ಮಕ್ಕಳು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಎರಡೂ ಪರಂಪರೆಗಳು ಒಂದಾದವು. ಅಪೊಸ್ತಲರ ಮತ್ತು ನೈಸೀಯ ವಿಶ್ವಾಸ ಪ್ರಮಾಣಗಳನ್ನು ಅದು ಸ್ವೀಕರಿಸಿತು. ರಕ್ಷಣೆ ಕಳೆದುಹೋಗಬಹುದೇ ಎಂಬುದನ್ನು ಅವೆರಡೂ ಇತ್ಯರ್ಥಪಡಿಸುವುದಿಲ್ಲ.